ರೋಗದ ಮಾಹಿತಿ ಓದುವ ಮುನ್ನ ಪುಟದ ತಳ ನೋಡಿ

ಔಷಧದ ಹೆಸರೇ ಇಲ್ಲದ ‘ರೋಗ ಜಾಗೃತಿ’ ಜಾಲತಾಣಗಳನ್ನೇ ಹೆಚ್ಚು ಎಚ್ಚರದಿಂದ ಓದಬೇಕು. ಲಕ್ಷಣಗಳ ಪಟ್ಟಿ, ನಾಲ್ಕಾರು ಪ್ರಶ್ನೆಗಳ ಸ್ವಪರೀಕ್ಷೆ, ಕೊನೆಗೆ ‘ವೈದ್ಯರನ್ನು ಕೇಳಿ’ ಎಂಬ ಸಲಹೆ. ಸುಸ್ತು, ನಿದ್ದೆಗೇಡು ಯಾರಿಗಿಲ್ಲ? ಆರೋಗ್ಯವಂತರೂ ‘ಹೌದು’ ಎಂದೇ ಒತ್ತುತ್ತಾರೆ. ಪುಟದ ತಳದಲ್ಲಿ ಹಕ್ಕುಸ್ವಾಮ್ಯ ಯಾರದ್ದು ನೋಡಿ. ಔಷಧ ಕಂಪನಿಯ ಹೆಸರು ಸಣ್ಣಕ್ಷರದಲ್ಲಿ ಅಲ್ಲಿರಬಹುದು. ಜಾಲತಾಣ ರೋಗಿಗಳ ಸಂಘದ್ದಾದರೆ ಅದರ ವಾರ್ಷಿಕ ವರದಿಯಲ್ಲಿ ದಾನಿಗಳ ಪಟ್ಟಿ ಹುಡುಕಿ.

ಹೆಚ್ಚು ಜನ ಎಡವುವುದು ಅಂಕಿಗಳಲ್ಲಿ. ‘ಈ ಮಾತ್ರೆಯಿಂದ ಅಪಾಯ ಶೇ. 50 ಇಳಿಕೆ’ ಎಂದರೆ 100 ಜನರಲ್ಲಿ ರೋಗ ಬರುವವರು 2 ಇದ್ದದ್ದು 1 ಆಗಿರಬಹುದು, ಅಷ್ಟೇ. ಆಗ ಒಬ್ಬರಿಗೆ ಉಪಯೋಗವಾಗಲು 100 ಮಂದಿ ಮಾತ್ರೆ ನುಂಗಬೇಕು. ಅಡ್ಡಪರಿಣಾಮದ ಸಾಧ್ಯತೆ ಮಾತ್ರ ಅಷ್ಟೂ ಮಂದಿಗೆ. ಎಷ್ಟರಿಂದ ಎಷ್ಟಕ್ಕೆ, ಎಷ್ಟು ವರ್ಷಗಳಲ್ಲಿ, ಯಾವುದಕ್ಕೆ ಹೋಲಿಸಿ ಎಂಬುದನ್ನು ಹೇಳದ ಶೇಕಡಾವಾರನ್ನು ಅಲ್ಲೇ ಬಿಟ್ಟುಬಿಡಿ.