ಮದ್ದಳೆಯ ಮೇಲೆ ಮರಳು: ಇಲ್ಲಿಯವರೆಗೆ ಆದದ್ದು

ಸುಮ್ನೆ ಹೊಳೆದ ಯೋಚನೆ ಇದು. ಯಕ್ಷಗಾನದ ಮದ್ದಳೆಯ ಶಬ್ದವನ್ನು ಕಣ್ಣಿಗೆ ಕಾಣುವ ಹಾಗೆ ಮಾಡಬೇಕು, ಅದನ್ನೇ ಚಿತ್ರವಾಗಿ ಗೋಡೆಗೆ ಹಾಕಬೇಕು. ನಮ್ಮ ಮನೆ ಕುಂಬಳೆಯ ಹತ್ತಿರ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು. ಇಲ್ಲಿ ಮಕ್ಕಳು ಅಆಇಈ ಕಲಿಯುವ ಮೊದಲೇ ಚೆಂಡೆಯ ಪೆಟ್ಟು ಕೇಳಿರುತ್ತಾರೆ. ಮಾವ ಹವ್ಯಾಸಿ ಮದ್ದಳೆಗಾರರು. ಹಾಗಾಗಿ ಮದ್ದಳೆ ಹುಡುಕಿಕೊಂಡು ಹೋಗುವ ಕೆಲಸ ಇರಲಿಲ್ಲ.

ಮೊದಲ ವಾರ

1787ರಲ್ಲಿ ಜರ್ಮನಿಯ ಕ್ಲಾಡ್ನಿ ಎಂಬಾತ ಲೋಹದ ತಗಡಿನ ಮೇಲೆ ಮರಳು ಉದುರಿಸಿ, ಅಂಚಿಗೆ ಪಿಟೀಲಿನ ಕಮಾನು ಎಳೆದದ್ದನ್ನು ಪುಸ್ತಕ ಮಾಡಿದ್ದ. ತಗಡು ನಡುಗುವಲ್ಲಿಂದ ಮರಳು ಹಾರಿ, ನಡುಗದ ಗೆರೆಗಳಲ್ಲಿ ಹೋಗಿ ಕೂರುತ್ತದೆ. ನೋಡಲು ಥೇಟ್ ರಂಗೋಲಿ. ಮುಂದೆ ನೆಪೋಲಿಯನ್ನನಿಗೂ ಇದನ್ನು ತೋರಿಸಿದ. ಈ ಗೆರೆಗಳ ಹಿಂದಿನ ಗಣಿತಕ್ಕೆ ಪ್ಯಾರಿಸಿನ ಅಕಾಡೆಮಿ ಬಹುಮಾನ ಇಟ್ಟಿತು. ಮೂರನೇ ಪ್ರಯತ್ನದಲ್ಲಿ, 1816ರಲ್ಲಿ, ಅದನ್ನು ಗೆದ್ದವಳು ಸೋಫಿ ಜರ್ಮೇನ್.

ನಾನು ಹಳೆಯ ಸ್ಪೀಕರಿನ ಮೇಲೆ ಅಲ್ಯುಮಿನಿಯಂ ತಗಡು ಕೂರಿಸಿದೆ. ಅಮ್ಮನ ರಂಗೋಲಿ ಪುಡಿ ಉದುರಿಸಿ, ಮೊಬೈಲಿನಿಂದ ಒಂದೇ ಸ್ವರ ಬಿಟ್ಟೆ. ಪುಡಿ ಗೆರೆ ಮಾಡುವುದು ಬಿಟ್ಟು ಅಲ್ಲಲ್ಲಿ ಗುಪ್ಪೆಯಾಯಿತು. ಅದೂ ತಗಡು ಜೋರಾಗಿ ನಡುಗುವ ಜಾಗದಲ್ಲೇ! ಎರಡು ದಿನ ತಲೆ ಕೆರೆದುಕೊಂಡೆ. ಆಮೇಲೆ ಗೊತ್ತಾಯಿತು, ಫ್ಯಾರಡೆ 1831ರಲ್ಲೇ ಇದಕ್ಕೆ ಕಾರಣ ಹೇಳಿದ್ದ. ನಡುಗುವ ತಗಡಿನ ಮೇಲೆ ಗಾಳಿಯ ಸಣ್ಣ ಸುಳಿಗಳು ಏಳುತ್ತವೆ. ತೀರಾ ನಯವಾದ ಪುಡಿಯನ್ನು ಅವು ಎಳೆದುಕೊಂಡು ಹೋಗುತ್ತವೆ. ಮರಳಿಗೆ ತೂಕ ಇದೆ, ಸುಳಿಗೆ ಜಗ್ಗುವುದಿಲ್ಲ. ಸರಿ, ಕಡಲ ಬದಿಯಿಂದ ಒಂದು ಚೊಂಬು ಮರಳು ತಂದೆ. ಉಪ್ಪು ಹೋಗಲು ಮೂರು ಸಲ ತೊಳೆದು, ಒಣಗಿಸಿ, ಚಹಾ ಸೋಸುವ ಜರಡಿಯಲ್ಲಿ ಗಾಳಿಸಿದೆ. ಉಪ್ಪಿದ್ದರೆ ತೇವ ಎಳೆದು ಅಂಟಿಕೊಳ್ಳುತ್ತದೆ. ಜರಡಿ ಹೋಯಿತು ಎಂದು ಮನೆಯಲ್ಲಿ ಬೈಸಿಕೊಂಡದ್ದು ಬೇರೆ.

ಮೂರನೇ ವಾರ

ತಗಡಿನ ಚಿತ್ರಗಳು ಚೆನ್ನಾಗಿ ಬಂದವು. ಆದರೆ ಮಾವನ ಮದ್ದಳೆ ರೆಕಾರ್ಡ್ ಮಾಡಿ ಅದೇ ಸ್ಪೀಕರಿಗೆ ಕೊಟ್ಟರೆ ಮರಳು ಒಂದು ಸಲ ಕುಣಿದು ಸುಮ್ಮನಾಯಿತು. ಪೆಟ್ಟು ಕ್ಷಣದಲ್ಲಿ ಮುಗಿಯುತ್ತದೆ, ಮರಳಿಗೆ ಸಾಲಾಗಿ ನಿಲ್ಲಲು ಸಮಯ ಬೇಕು. ಅದಕ್ಕಿಂತ ದೊಡ್ಡ ತಪ್ಪು ಆಗ ಹೊಳೆಯಿತು. ಸ್ಪೀಕರಿಗೆ ಏನು ಕೊಟ್ಟರೂ ತಗಡು ತನ್ನದೇ ಆಕಾರ ತೋರಿಸುತ್ತದೆ, ಮದ್ದಳೆಯದ್ದಲ್ಲ. ಮೂರು ವಾರ ನಾನು ತಗಡಿನ ಫೋಟೋ ತೆಗೆದು ಮದ್ದಳೆ ಅಂದುಕೊಂಡಿದ್ದೆ, ಅಷ್ಟೆ.

ಹಾಗಾದರೆ ಮರಳು ಮದ್ದಳೆಯ ಮೇಲೇ ಬೀಳಬೇಕು. ಮಾವನಿಗೆ ಹೇಳಿದೆ.

"ಎಂತ ಮಾರಾಯ, ಚರ್ಮದ ಮೇಲೆ ಹೊಯಿಗೆಯಾ? ಅದು ನಿನ್ನ ಆಟದ ಸಾಮಾನಲ್ಲ."

"ರಾಮನ್ ಮಾಡಿದ್ದಾರೆ ಮಾವ, ನೊಬೆಲ್ ಸಿಕ್ಕಿದವರು."

"ಅವರು ಸ್ವಂತದ್ದರಲ್ಲಿ ಮಾಡಿರಬಹುದು."

ಕೊನೆಗೆ ಹಳೆಯದೊಂದನ್ನು ಕೊಟ್ಟರು. ಕೊಡುವ ಮೊದಲು ಕೂತು ಶ್ರುತಿ ಮಾಡಿ ಕೊಟ್ಟರು.

ರಾಮನ್ ವಿಷಯ ನಾನು ಸುಳ್ಳು ಹೇಳಿದ್ದಲ್ಲ. 1920ರಲ್ಲಿ ನೇಚರ್ ಪತ್ರಿಕೆಯಲ್ಲಿ, ಮತ್ತೆ 1934ರಲ್ಲಿ ವಿವರವಾಗಿ, ಸಿ.ವಿ. ರಾಮನ್ ಮೃದಂಗ, ತಬಲಾಗಳ ಬಗ್ಗೆ ಬರೆದರು. ಬರೀ ಚರ್ಮ ಬಿಗಿದ ವಾದ್ಯದಲ್ಲಿ ಮೇಲಿನ ಸ್ವರಗಳು ಮೂಲದ 1.59 ಪಟ್ಟು, 2.14 ಪಟ್ಟು ಹೀಗೆ ಎಲ್ಲೆಲ್ಲೋ ಬರುತ್ತವೆ. ಅದಕ್ಕೇ ಅದು ಬರೀ ಸದ್ದು. ನಮ್ಮ ವಾದ್ಯಗಳ ನಡುವೆ ಕರಣೆ ಎನ್ನುವ ಕಪ್ಪು ವೃತ್ತ ಇದೆಯಲ್ವಾ? ಅದರ ಭಾರ ಈ ಸ್ವರಗಳನ್ನು ಎಳೆದು 2, 3, 4, 5 ಪಟ್ಟಿಗೆ ತಂದು ಕೂರಿಸುತ್ತದೆ. ಆಗ ತಂತಿ ವಾದ್ಯದ ಹಾಗೆ ಶ್ರುತಿಗೆ ಸೇರುತ್ತದೆ. ಮದ್ದಳೆಯೂ ಅದೇ ಜಾತಿ.

ಐದನೇ ವಾರ

ಮದ್ದಳೆಯ ಬಲ ಮುಖ ಮೇಲೆ ಬರುವ ಹಾಗೆ ನಿಲ್ಲಿಸಿದೆ. ಕೆಳಗಿಂದ ಸ್ಪೀಕರ್ ಇಟ್ಟಾಗ ಮರಳು ನಡುವಿನಿಂದ ಹಾರಿತು, ಬೇರೇನೂ ಇಲ್ಲ. ಸ್ಪೀಕರನ್ನು ಮೇಲಿನಿಂದ, ಅಂಚಿಗೆ ಹತ್ತಿರ, ನಾಲ್ಕು ಬೆರಳು ಎತ್ತರದಲ್ಲಿ ತೂಗುಹಾಕಿದ ಮೇಲೆ ಕೆಲಸ ಆಯಿತು.

155 ಹರ್ಟ್ಸ್ (ಸೆಕೆಂಡಿಗೆ 155 ಕಂಪನ) ಹತ್ತಿರ ಇಡೀ ಮುಖ ಒಟ್ಟಿಗೆ ಎದ್ದು ಬಿದ್ದಿತು, ಮರಳೆಲ್ಲ ಅಂಚಿಗೆ. ಬರೀ ಚರ್ಮವಾಗಿದ್ದರೆ ಮುಂದಿನದು 247ರ ಸುತ್ತ ಬರಬೇಕಿತ್ತು. ಅಲ್ಲಿ ಏನೂ ಆಗಲಿಲ್ಲ. ಮೆಲ್ಲಗೆ ಏರಿಸುತ್ತಾ ಹೋದೆ. 310 ದಾಟುವಾಗ ಮರಳು ಸರ್ರನೆ ಸರಿದು ನಡುವೆ ಒಂದೇ ನೇರ ಗೆರೆ. ನಾನು ಕೂಗಿದ್ದಕ್ಕೆ ಮಾವ ಮದ್ದಳೆ ಒಡೆಯಿತು ಅಂತ ಓಡಿಬಂದರು.

ಗೆರೆ ನೋಡಿ ಅವರು ಬೇರೆಯದೇ ಮಾತು ಹೇಳಿದರು. "ಉಂಗುರ ಬೆರಳು ಇಡುವ ಜಾಗ ಇದು." ತೋರುಬೆರಳಿನಿಂದ ಅಂಚಿಗೆ ಹೊಡೆಯುವಾಗ ಉಂಗುರ ಬೆರಳನ್ನು ಚರ್ಮಕ್ಕೆ ಹಗುರಾಗಿ ತಾಗಿಸಿ ಇಡುತ್ತಾರೆ. ಆ ಬೆರಳು ಮೂಲಸ್ವರವನ್ನು ತಡೆಯುತ್ತದೆ. ತನ್ನ ಕೆಳಗೆ ನಡುಗದ ಗೆರೆ ಇರುವ ಸ್ವರವನ್ನು ಮಾತ್ರ ಬಿಡುತ್ತದೆ. ಮಾವನಿಗೆ ಹರ್ಟ್ಸ್ ಗೊತ್ತಿಲ್ಲ. ಗೆರೆ ಎಲ್ಲಿ ಅಂತ ಬೆರಳಿಗೆ ಗೊತ್ತು.

466ರಲ್ಲಿ ಮೂರನೆಯದು. ಅಲ್ಲಿ ಎರಡು ಆಕಾರ ಒಂದೇ ಸ್ವರಕ್ಕೆ ಬಂದು ಸೇರುತ್ತವೆ. ಅಡ್ಡ ಮತ್ತು ನೆಟ್ಟ ಗೆರೆ ಒಂದು, ವೃತ್ತ ಇನ್ನೊಂದು. ಬೆರಳು ತಾಗಿಸುವ ಜಾಗ ಬದಲಿಸಿದರೆ ಎರಡೂ ಬೆರೆತು ಬಿಲ್ಲಿನ ಹಾಗೆ ಬಾಗಿದ ಎರಡು ಗೆರೆ ಬರುತ್ತದೆ. ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಚಿತ್ರ ಇದು.

ಏಳನೇ ವಾರ

ಫೋಟೋ ಬೇಡ ಅನಿಸಿತು. ಅದೇ ಮರಳು ಚಿತ್ರದಲ್ಲಿ ಇರಬೇಕು. ಮಕ್ಕಳ ಪುಸ್ತಕಕ್ಕೆ ಹಾಕುವ ಅಂಟಿನ ಪಾರದರ್ಶಕ ಹಾಳೆಯನ್ನು ಮರಳಿಗೆ ಮಾತ್ರ ತಾಗಿಸಿ ಎತ್ತಿದೆ. ಗೆರೆ ಹಾಗೆಯೇ ಎದ್ದು ಬಂತು. ಚರ್ಮಕ್ಕೆ ಅಂಟು ಹತ್ತದ ಹಾಗೆ ಎತ್ತುವುದನ್ನು ಕಲಿಯಲು ಹನ್ನೊಂದು ಹಾಳೆ ದಂಡ.

ಅಚ್ಚು ಹಾಕುವುದು ಸಯನೋಟೈಪಿನಲ್ಲಿ. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ವಿಧಾನ. ಮರುವರ್ಷವೇ ಆನಾ ಅಟ್ಕಿನ್ಸ್ ಕಡಲ ಪಾಚಿಗಳನ್ನು ಹೀಗೆ ಅಚ್ಚು ಹಾಕತೊಡಗಿದಳು. ಕಟ್ಟಡದ ನಕ್ಷೆಗಳನ್ನೂ ಇದೇ ರೀತಿ ಪ್ರತಿ ಮಾಡುತ್ತಿದ್ದರು, ನಮ್ಮ ‘ನೀಲನಕ್ಷೆ’ಯ ನೀಲಿ ಇದೇ. ಫೆರಿಕ್ ಅಮೋನಿಯಂ ಸಿಟ್ರೇಟ್, ಪೊಟ್ಯಾಸಿಯಂ ಫೆರಿಸಯನೈಡ್ ಎರಡನ್ನೂ ಬೇರೆ ಬೇರೆ ನೀರಿನಲ್ಲಿ ಕರಗಿಸಿ, ಸಮ ಸಮ ಬೆರೆಸಿ, ಕತ್ತಲೆ ಕೋಣೆಯಲ್ಲಿ ಕಾಗದಕ್ಕೆ ಬಳಿಯಬೇಕು. ಒಣಗಿದ ಮೇಲೆ ಮರಳಿನ ಹಾಳೆ ಇಟ್ಟು ಅಂಗಳದ ಬಿಸಿಲಿಗೆ. ಹತ್ತು ನಿಮಿಷ. ನೀರಿನಲ್ಲಿ ತೊಳೆದರೆ ಬಿಸಿಲು ತಾಗಿದಲ್ಲೆಲ್ಲ ನೀಲಿ, ಮರಳು ನಿಂತಲ್ಲಿ ಬಿಳಿ ಗೆರೆ. ಮೊದಲನೆಯದು ಪೂರ್ತಿ ಮಸುಕು, ಹಾಳೆ ಸರಿಯಾಗಿ ಒತ್ತಿ ಕೂತಿರಲಿಲ್ಲ. ಮೇಲೆ ಗಾಜು ಇಟ್ಟ ಮೇಲೆ ಒಂದೊಂದು ಕಣವೂ ಕಂಡಿತು.

ಸದ್ಯ

ನಾಲ್ಕು ಚಿತ್ರ ಸಿಕ್ಕಿವೆ. ಐದನೇ ಸ್ವರದಲ್ಲಿ ಮೂರು ಆಕಾರ ಒಟ್ಟಿಗೆ ಬರುತ್ತವೆ, ಮರಳು ಇನ್ನೂ ಒಂದು ಕಡೆ ನಿಂತಿಲ್ಲ. ಈ ಹಳೆಯ ಮದ್ದಳೆಯ ಕರಣೆ ಅಲ್ಲಲ್ಲಿ ಬಿರುಕು ಬಿಟ್ಟಿದೆ, ಅದೇ ಕಾರಣ ಇರಬೇಕು. ಒಳ್ಳೆಯ ಮದ್ದಳೆಯನ್ನು ಪತ್ತನಾಜೆ (ಮೇ ಕೊನೆಗೆ ಯಕ್ಷಗಾನದ ತಿರುಗಾಟ ಮುಗಿಯುವ ದಿನ) ಕಳೆದ ಮೇಲೆ ಕೊಡುತ್ತೇನೆ ಎಂದಿದ್ದಾರೆ ಮಾವ. ಅಷ್ಟು ಹೊತ್ತಿಗೆ ಮಳೆ ಹಿಡಿದಿರುತ್ತದೆ, ಚರ್ಮ ಸಡಿಲ, ಬಿಸಿಲು ಇಲ್ಲ. ಅಡಿಕೆ ಒಣಗಿಸುವ ಗೂಡಿನ ಬದಿಯಲ್ಲಿ ಮದ್ದಳೆ ಬೆಚ್ಚಗಿಟ್ಟು, ಮರಳಿನ ಹಾಳೆಗಳನ್ನು ಮಾತ್ರ ಎತ್ತಿಟ್ಟುಕೊಳ್ಳಬೇಕು. ಅಚ್ಚು ಸೋಣೆ ತಿಂಗಳ (ಆಗಸ್ಟ್-ಸೆಪ್ಟೆಂಬರ್) ಬಿಸಿಲಿಗೆ.