ತಿದಿಯ ಉಸಿರು, ಕರಗುವ ಬೆಳ್ಳಿ

ಅವ್ ಮಾಸದ ಒಂಬತ್ತನೇ ದಿನ ಯೆಹೂದಿಗಳಿಗೆ ಶೋಕದ ಉಪವಾಸ. ಯೆರೂಸಲೇಮಿನ ದೇವಾಲಯವನ್ನು ಕ್ರಿ.ಪೂ. 586ರಲ್ಲಿ ಬಾಬಿಲೋನಿಯರು, ಕ್ರಿ.ಶ. 70ರಲ್ಲಿ ರೋಮನರು ಹಾಳುಗೆಡವಿದ ನೆನಪು ಅದು. ಸೂರ್ಯಾಸ್ತದಿಂದ ಮರುದಿನ ಕತ್ತಲಾಗುವ ತನಕ, ಸುಮಾರು 25 ಗಂಟೆ, ಅನ್ನವೂ ಇಲ್ಲ, ನೀರೂ ಇಲ್ಲ. ಸ್ನಾನವಿಲ್ಲ, ಚರ್ಮದ ಪಾದರಕ್ಷೆಯಿಲ್ಲ. ಆ ದಿನ ಶನಿವಾರ ಬಿದ್ದರೆ ಉಪವಾಸ ಭಾನುವಾರಕ್ಕೆ ಸರಿಯುತ್ತದೆ.

ಅದಕ್ಕೆ ಮುಂಚಿನ ಸಬ್ಬತ್ತಿನಲ್ಲಿ, ಅಂದರೆ ಶನಿವಾರದ ವಿಶ್ರಾಂತಿ ದಿನದಲ್ಲಿ, ಪ್ರವಾದಿ ಯೆಶಾಯನ ಗ್ರಂಥದ ಮೊದಲ ಅಧ್ಯಾಯದ ಓದು. ನಿನ್ನ ಬೆಳ್ಳಿ ಕಿಟ್ಟವಾಯಿತು ಎಂದು ಪ್ರವಾದಿ ನಗರವನ್ನು ಗದರುತ್ತಾನೆ. ಮೂರು ವಚನ ದಾಟಿದರೆ ದೇವರು, ಆ ಕಿಟ್ಟವನ್ನು ನಾನೇ ಪುಟವಿಟ್ಟು ತೆಗೆಯುವೆ ಎನ್ನುತ್ತಾನೆ. ಉಪವಾಸದ ಬೆಳಗ್ಗೆ ಪ್ರವಾದಿ ಯೆರೆಮೀಯನ ಬಾಯಲ್ಲಿ ಅದೇ ಹೀಬ್ರೂ ಕ್ರಿಯಾಪದ ಮತ್ತೆ ಬರುತ್ತದೆ: ‘ತ್ಸಾರಫ್’, ಪುಟಕ್ಕಿಡುವುದು.

ಪುಟಕ್ಕಿಟ್ಟ ಚಿನ್ನ ಎಂದು ನಾವು ಸಲೀಸಾಗಿ ಹೊಗಳುತ್ತೇವೆ. ಆ ಕೆಲಸ ಮಾತ್ರ ಸಲೀಸಲ್ಲ. ತಾಮ್ರ ಬೆರೆತ ಬೆಳ್ಳಿಗೆ ಸೀಸ ಕೂಡಿಸಿ, ಮೂಳೆಬೂದಿಯಂಥ ಹೀರುವ ವಸ್ತುವಿನ ಬಟ್ಟಲಲ್ಲಿ ಕರಗಿಸಿ, ಮೇಲೆ ತಿದಿಯಿಂದ ಗಾಳಿ ಹಾಯಿಸಬೇಕು. ಸೀಸ 327 ಡಿಗ್ರಿಗೇ ಕರಗುತ್ತದೆ. ಶುದ್ಧ ಬೆಳ್ಳಿಗೆ 962 ಡಿಗ್ರಿ ಸೆಲ್ಸಿಯಸ್ ಬೇಕು. ಗಾಳಿ ತಾಕಿದ ಸೀಸ ಆಕ್ಸೈಡಾಗಿ, ತಾಮ್ರದ ಆಕ್ಸೈಡನ್ನೂ ಎಳೆದುಕೊಂಡು ಬಟ್ಟಲೊಳಕ್ಕೆ ಇಂಗುತ್ತದೆ. ಬೆಳ್ಳಿ ಉಳಿಯುತ್ತದೆ. ಸೀಸದ ಕೊನೆಯ ಪೊರೆ ಹರಿದ ಕ್ಷಣ ಬಟ್ಟಲು ಥಟ್ಟನೆ ಹೊಳೆಯುತ್ತದೆ. ಕಾವು ಇಳಿದರೆ ಮೇಲೆ ಹೆಪ್ಪುಗಟ್ಟಿ ಕೆಲಸ ನಿಲ್ಲುತ್ತದೆ; ಮಿತಿಮೀರಿದರೆ ಬೆಳ್ಳಿಯೇ ಒಂದಿಷ್ಟು ಹೋಗುತ್ತದೆ. ಪ್ರವಾದಿ ಮಲಾಕಿಯ ಕಂಡ ದೇವರು ಬೆಳ್ಳಿ ಶುದ್ಧಮಾಡುವವನಂತೆ ಕೂತಿರುತ್ತಾನೆ. ಆ ‘ಕೂತಿರುವುದು’ ಎಷ್ಟು ದೊಡ್ಡ ಕರುಣೆ! ಬೆಂಕಿ ಹಚ್ಚಿ ಎದ್ದುಹೋಗುವವನಲ್ಲ ಅವನು.

ನಡುಕ ಹುಟ್ಟಿಸುವುದು ಯೆರೆಮೀಯನ ಆರನೇ ಅಧ್ಯಾಯದ ಕೊನೆ. ತಿದಿ ಬುಸುಗುಡುತ್ತಿದೆ, ಸೀಸ ಬೆಂಕಿಗೆ ತೀರಿಹೋಗಿದೆ, ಪುಟವಿಟ್ಟದ್ದು ವ್ಯರ್ಥ. ಹಾಕಿದ ಸೀಸ ಸಾಲದಿದ್ದರೆ ಹೀಗೇ ಆಗುತ್ತದೆ: ಕಲ್ಮಷ ಹೊತ್ತೊಯ್ಯಬೇಕಾದದ್ದೇ ಮೊದಲು ಮುಗಿದು, ತಾಮ್ರ ಬೆಳ್ಳಿಯಲ್ಲೇ ನಿಂತುಬಿಡುತ್ತದೆ. ಹೀಬ್ರೂ ಪ್ರವಾದಿಗಳ ತೀರ್ಪಿನ ಚಿತ್ರಗಳಲ್ಲಿ ಇದಕ್ಕಿಂತ ಕಠೋರವಾದದ್ದು ಕಾಣೆ. ಇಷ್ಟು ಬೆಂಕಿ ಉಂಡೂ ಲೋಹ ಬದಲಾಗಲಿಲ್ಲ. ಅದಕ್ಕೆ ಇಟ್ಟ ಹೆಸರು ‘ತಳ್ಳಿಬಿಟ್ಟ ಬೆಳ್ಳಿ’.

ಆ ‘ತಳ್ಳಿಬಿಡು’ ಎಂಬ ಮಾತು, ಹೀಬ್ರೂವಿನ ‘ಮಾಅಸ್’, ಉಪವಾಸದ ರಾತ್ರಿಯೇ ಕಿವಿಗೆ ಬಿದ್ದಿರುತ್ತದೆ. ಮಂದ ಬೆಳಕಿನಲ್ಲಿ, ನೆಲದ ಮೇಲೋ ಗಿಡ್ಡ ಮಣೆಯ ಮೇಲೋ ಕೂತು ‘ಪ್ರಲಾಪಗಳು’ ಎಂಬ ಶೋಕಗೀತೆಗಳ ಗ್ರಂಥದ ಐದೂ ಅಧ್ಯಾಯ ಓದುತ್ತಾರೆ. ಕೊನೆಯ ವಚನದಲ್ಲಿ ಅದೇ ಕ್ರಿಯಾಪದ ಎರಡು ಸಲ: ನಮ್ಮನ್ನು ಪೂರಾ ತಳ್ಳಿಯೇಬಿಟ್ಟೆಯಾ? ಓದು ಅಲ್ಲಿಗೆ ನಿಲ್ಲುವಂತಿಲ್ಲ. ಸಭೆ ಒಂದು ವಚನ ಹಿಂದಕ್ಕೆ ಹೋಗಿ ದನಿಯೆತ್ತಿ ಹೇಳುತ್ತದೆ, ಓದುವವನೂ ಮತ್ತೆ ಹೇಳುತ್ತಾನೆ: ಕರ್ತನೇ, ನಮ್ಮನ್ನು ನಿನ್ನ ಕಡೆ ತಿರುಗಿಸು, ತಿರುಗುತ್ತೇವೆ, ನಮ್ಮ ದಿನಗಳನ್ನು ಮೊದಲಿನಂತೆ ಹೊಸದಾಗಿಸು.