ತೊಳೆದ ನೀರಿನಲ್ಲಿ ಕೆಫೀನ್: ಎಲ್‌ಒಡಿ ಲೆಕ್ಕ ಎಲ್ಲಿಗೆ ಬಂತು

ಪ್ಯಾರಾಸಿಟಮಾಲ್–ಕೆಫೀನ್ ಮಾತ್ರೆಗೆ ಬಳಸಿದ ಪಾತ್ರೆಯ ಕೊನೆಯ ತೊಳೆನೀರಿನಲ್ಲಿ ಕೆಫೀನ್ ಉಳಿದಿದೆಯೇ ಎಂದು ನೋಡುವ ಎಚ್‌ಪಿಎಲ್‌ಸಿ (ದ್ರಾವಣದ ಘಟಕಗಳನ್ನು ಕಾಲಂನಲ್ಲಿ ಬೇರ್ಪಡಿಸಿ ಅಳೆಯುವ) ವಿಧಾನ. ಎಲ್‌ಒಡಿ ಎಂದರೆ ಇದೆ ಎಂದು ಗುರುತಿಸಬಹುದಾದ ಅತಿ ಕಡಿಮೆ ಸಾಂದ್ರತೆ; ಎಲ್‌ಒಕ್ಯೂ ಎಂದರೆ ಎಷ್ಟಿದೆ ಎಂದು ನಂಬಿಕೆಯಿಂದ ಅಳೆಯಬಹುದಾದ ಅತಿ ಕಡಿಮೆ ಸಾಂದ್ರತೆ. ಸಿ18 ಕಾಲಂ (250 × 4.6 ಮಿ.ಮೀ., 5 ಮೈಕ್ರಾನ್), ನೀರು–ಮೆಥನಾಲ್ 65:35, ನಿಮಿಷಕ್ಕೆ 1 ಮಿ.ಲೀ., ಇಂಜೆಕ್ಷನ್ 20 ಮೈಕ್ರೊಲೀಟರ್, ಅಳೆಯುವ ಬೆಳಕಿನ ತರಂಗಾಂತರ 273 ನ್ಯಾನೊಮೀಟರ್.

ನಾಯ್ಸ್

0.05 ಮಿ.ಗ್ರಾಂ/ಲೀ ದ್ರಾವಣದ ಪೀಕ್ ಎತ್ತರ 0.40 ಎಂಎಯು (ಬೆಳಕು ಹೀರಿಕೆಯ ಮಾನ). ಬ್ಲ್ಯಾಂಕ್ (ಕೆಫೀನ್ ಇಲ್ಲದ ಮಾದರಿ) ಹಾಕಿ, ಕೆಫೀನ್ ಬರುವ ಜಾಗದ ಎರಡೂ ಬದಿ ಸೇರಿ ಒಂದು ನಿಮಿಷದ ಬೇಸ್‌ಲೈನ್ ತೆಗೆದುಕೊಂಡರೆ ತುದಿಯಿಂದ ತುದಿಗೆ ನಾಯ್ಸ್, ಅಂದರೆ ಬೇಸ್‌ಲೈನ್‌ನ ಸಣ್ಣ ಏರಿಳಿತ, 0.06. ಪೀಕ್‌ನ ಅರ್ಧ ಎತ್ತರದ ಅಗಲ 0.12 ನಿಮಿಷ, ಅದರ ಐದು ಪಟ್ಟಾದರೂ ಬೇಸ್‌ಲೈನ್ ಇರಬೇಕೆಂಬ ಯುಎಸ್‌ಪಿ (ಅಮೆರಿಕದ ಔಷಧ ಸಂಹಿತೆ) ನಿಯಮಕ್ಕೆ ಇಷ್ಟು ಸಾಕು.

ಈಗ ಪೀಕ್ ಎತ್ತರಕ್ಕೂ ನಾಯ್ಸ್‌ಗೂ ಇರುವ ಅನುಪಾತ. ಎತ್ತರವನ್ನು ನೇರವಾಗಿ ನಾಯ್ಸ್‌ನಿಂದ ಭಾಗಿಸಿದರೆ 6.7. ಯುಎಸ್‌ಪಿ ಸೂತ್ರದಲ್ಲಿ ಎತ್ತರವನ್ನು ದುಪ್ಪಟ್ಟು ಮಾಡುತ್ತಾರೆ, 13.3. ಸಾಫ್ಟ್‌ವೇರ್ ಆರ್‌ಎಂಎಸ್ ನಾಯ್ಸ್ (ಏರಿಳಿತಗಳ ಒಂದು ಬಗೆಯ ಸರಾಸರಿ) ಹಿಡಿದರೆ 40ರ ಆಸುಪಾಸು. ಒಂದೇ ಕ್ರೊಮ್ಯಾಟೊಗ್ರಾಂ, ಮೂರು ಉತ್ತರ! ಔಷಧ ಮಾರ್ಗಸೂಚಿಗಳ ಅಂತರರಾಷ್ಟ್ರೀಯ ಸಂಸ್ಥೆ ಐಸಿಎಚ್‌ನ 10:1 ಎಲ್‌ಒಕ್ಯೂ ಮಟ್ಟಕ್ಕೆ ಎರಡು ಪಾಸು, ಒಂದು ಫೇಲು. ಯಾವ ಸೂತ್ರವೆಂದು ಪ್ರೋಟೋಕಾಲ್‌ನಲ್ಲಿ ಮೊದಲೇ ಬರೆಯದಿದ್ದರೆ ಆಡಿಟ್‌ನಲ್ಲಿ ಸಿಕ್ಕಿಬೀಳುವುದು ಇಲ್ಲೇ.

ಕ್ಯಾಲಿಬ್ರೇಷನ್ ರೇಖೆಯಿಂದ

0.02ರಿಂದ 0.2 ಮಿ.ಗ್ರಾಂ/ಲೀವರೆಗೆ ಆರು ಮಟ್ಟ. ಇಳಿಜಾರು 8.0, ಉಳಿಕೆಗಳ (ಬಿಂದುಗಳು ರೇಖೆಯಿಂದ ಸರಿದ ದೂರಗಳ) ಎಸ್‌ಡಿ, ಅಂದರೆ ಮಾನಕ ವಿಚಲನೆ, 0.055 ಎಂಎಯು. 3.3 × 0.055 ÷ 8.0 = 0.023 ಎಲ್‌ಒಡಿ, 3.3ರ ಬದಲು 10ರಿಂದ ಗುಣಿಸಿದರೆ ಎಲ್‌ಒಕ್ಯೂ 0.07. ನೇರ ಅನುಪಾತ 3 ಆಗುವ ಸಾಂದ್ರತೆಯೂ ಸುಮಾರು ಇದೇ, 0.022. ಅಸ್ಸೇಗೆಂದು (ಮಾತ್ರೆಯಲ್ಲಿನ ಔಷಧದ ಪ್ರಮಾಣ ಅಳೆಯಲು) ಹಾಕಿದ 1–50 ಮಿ.ಗ್ರಾಂ/ಲೀ ರೇಖೆಯನ್ನೇ ಇಲ್ಲಿಗೂ ಎಳೆದು ತರಬಾರದು: ಮೇಲಿನ ಮಟ್ಟಗಳ ಏರುಪೇರು ಎಸ್‌ಡಿಯನ್ನು 1.6ಕ್ಕೆ ಏರಿಸಿ ಎಲ್‌ಒಡಿ 0.66 ಎನ್ನುತ್ತದೆ, ಕಣ್ಣೆದುರು 0.05ರ ಪೀಕ್ ಎದ್ದು ಕಾಣುತ್ತಿದ್ದರೂ.

ಗಮನಿಸಬೇಕಾದದ್ದು

ನಾಯ್ಸ್ ಒಂದೇ ಲಯದಲ್ಲಿ ಏರಿಳಿದರೆ ಪಂಪ್ ಮೇಲೆ ಅನುಮಾನ ಪಡಿ. ಫ್ಲೋ ನಿಲ್ಲಿಸಿದಾಗ ಅಲೆ ಮಾಯವಾದರೆ ಚೆಕ್ ವಾಲ್ವ್ ಅಥವಾ ಗಾಳಿಗುಳ್ಳೆ; ಹಾಗೇ ಉಳಿದರೆ ಲ್ಯಾಂಪ್ ಇಲ್ಲವೇ ಫ್ಲೋಸೆಲ್. ಡ್ಯುಟೀರಿಯಂ ಲ್ಯಾಂಪ್ ಹಚ್ಚಿ ಅರ್ಧ ಗಂಟೆಯಾದರೂ ಕಾಯಬೇಕು. ಡಿಟೆಕ್ಟರ್‌ನ ರೆಸ್ಪಾನ್ಸ್ ಟೈಮ್ ಹೆಚ್ಚಿಸಿದರೆ ಬೇಸ್‌ಲೈನ್ ನುಣುಪಾಗುತ್ತದೆ ನಿಜ, ಅತಿಯಾದರೆ ಪೀಕ್ ಕೂಡ ಕುಗ್ಗಿ ಅಗಲವಾಗುತ್ತದೆ. ಈ ಏಳು ಸೆಕೆಂಡಿನ ಪೀಕ್‌ಗೆ 1 ಸೆಕೆಂಡ್ ದಾಟಿಸಿಲ್ಲ.

ಬ್ಲ್ಯಾಂಕ್ ಎಂದರೆ ಬರೀ ಮೊಬೈಲ್ ಫೇಸ್ (ಕಾಲಂನಲ್ಲಿ ಹರಿಯುವ ನೀರು–ಮೆಥನಾಲ್) ಅಲ್ಲ, ಉತ್ಪನ್ನ ಮುಟ್ಟದ ಪಾತ್ರೆಯ ತೊಳೆನೀರು. ಸ್ವಾಬ್ (ಪಾತ್ರೆಯ ಮೇಲ್ಮೈ ಒರೆಸಿ ಮಾದರಿ ತೆಗೆಯುವ ಕಡ್ಡಿ) ಬಳಸುವುದಾದರೆ ಸ್ವಾಬ್‌ನಿಂದಲೇ ಹೊರಬರುವ ವಸ್ತುಗಳನ್ನೂ ಸೇರಿಸಿ ನೋಡಬೇಕು.

ಬಾಕಿ

0.07 ಮಿ.ಗ್ರಾಂ/ಲೀ ಕೆಫೀನ್ ಬೆರೆಸಿದ ತೊಳೆನೀರಿನ ಆರು ಇಂಜೆಕ್ಷನ್. ಆರ್‌ಎಸ್‌ಡಿ (ಸರಾಸರಿಯ ಶೇಕಡಾವಾರಾಗಿ ಎಸ್‌ಡಿ) 10% ಒಳಗೆ ಬಂದರೆ ಅದನ್ನೇ ಎಲ್‌ಒಕ್ಯೂ ಎಂದು ದಾಖಲಿಸುವುದು, ಇಲ್ಲದಿದ್ದರೆ 0.1ಕ್ಕೆ ಏರಿಸಿ ಮತ್ತೆ ಹಾಕುವುದು.